'ಮೋನೋ ಮಾಸ್ಟರ್ಸ್' ಬಗ್ಗೆ ಒಂದು ಸ್ಪಷ್ಟನೆ

"ಬೀಟಲ್ಸ್‌ನ 'ಮೋನೋ ಮಾಸ್ಟರ್ಸ್' ಅಂದರೆ 'ಪಾಸ್ಟ್ ಮಾಸ್ಟರ್ಸ್' ಅನ್ನೇ ಮೋನೋ ಮಾಡಿದ್ದು, ಹಾಡುಗಳ ಪಟ್ಟಿಯೂ ಒಂದೇ" ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ಮಾತು ತಪ್ಪು. ('ಪಾಸ್ಟ್ ಮಾಸ್ಟರ್ಸ್' ಎಂದರೆ ಈ ಬ್ರಿಟಿಷ್ ಬ್ಯಾಂಡ್‌ನ ಮುಖ್ಯ ಆಲ್ಬಮ್‌ಗಳಲ್ಲಿ ಸೇರದ ಹಾಡುಗಳ ಸಂಕಲನ. ಮೋನೋ ಅಂದರೆ ಎಲ್ಲ ಧ್ವನಿಯೂ ಒಂದೇ ಚಾನೆಲ್‌ನಲ್ಲಿ, ಸ್ಟೀರಿಯೋ ಅಂದರೆ ಎಡ-ಬಲ ಎರಡರಲ್ಲಿ.)

ಸ್ಟೀರಿಯೋದ ಎಡ-ಬಲ ಚಾನೆಲ್‌ಗಳನ್ನು ಸುಮ್ಮನೆ ಕೂಡಿಸಿದರೆ, ಎರಡರಲ್ಲೂ ಇರುವ ಧ್ವನಿ ಒಂದೇ ಬದಿಯಲ್ಲಿರುವುದಕ್ಕಿಂತ ಜೋರಾಗಿ ಸಮತೋಲ ಕೆಡುತ್ತದೆ. 2009ರ 'ಮೋನೋ ಮಾಸ್ಟರ್ಸ್'ನಲ್ಲಿರುವುದು ಹಾಗೆ ಕೂಡಿಸಿದ್ದಲ್ಲ, 60ರ ದಶಕದಲ್ಲೇ ಪ್ರತ್ಯೇಕವಾಗಿ ಮಾಡಿದ ಮೋನೋ ಮಿಕ್ಸ್‌ಗಳು (ದನಿ-ವಾದ್ಯಗಳನ್ನು ಹದವಾಗಿ ಬೆರೆಸಿದ ರೂಪ).

'ದಿ ಬ್ಯಾಲಡ್ ಆಫ್ ಜಾನ್ ಅಂಡ್ ಯೋಕೋ', 'ಓಲ್ಡ್ ಬ್ರೌನ್ ಶೂ', 'ಲೆಟ್ ಇಟ್ ಬಿ' ಇದರಲ್ಲಿಲ್ಲ. ಅವನ್ನು ಆಗ ಮಿಕ್ಸ್ ಮಾಡಿದ್ದೇ ಸ್ಟೀರಿಯೋದಲ್ಲಿ. 'ಹೇ ಬುಲ್‌ಡಾಗ್' ಸೇರಿ 'ಯೆಲ್ಲೋ ಸಬ್‌ಮರೀನ್'ನ ನಾಲ್ಕು ಹಾಡುಗಳು ಇಲ್ಲಿ ಹೆಚ್ಚುವರಿ. ಆ ಆಲ್ಬಮ್‌ನ ಬ್ರಿಟಿಷ್ ಮೋನೋ ಎಲ್‌ಪಿ (ವಿನೈಲ್ ರೆಕಾರ್ಡ್) ಸ್ಟೀರಿಯೋ ಕೂಡಿಸಿದ್ದಾಗಿತ್ತು, ಹಾಗಾಗಿ ಈ ನಾಲ್ಕರ ನಿಜವಾದ ಮೋನೋ ಕೇಳಲು ಇದೇ ದಾರಿ. ನನ್ನ ಮಟ್ಟಿಗೆ ಸಂಕಲನದ ದೊಡ್ಡ ಬೆಲೆಯೇ ಇದು.

ಕೊಳ್ಳುವವರಿಗೆ: ಸಿಡಿ 'ದಿ ಬೀಟಲ್ಸ್ ಇನ್ ಮೋನೋ' ಪೆಟ್ಟಿಗೆಯ ಭಾಗ. 2014ರ ಮೂರು ಎಲ್‌ಪಿಗಳ ಆವೃತ್ತಿ ಬಿಡಿಯಾಗಿಯೂ ಬಂದಿದೆ, ಅನಲಾಗ್ ಟೇಪ್‌ನಿಂದಲೇ ರೆಕಾರ್ಡ್‌ಗೆ ಇಳಿಸಿದ್ದು. ಪಟ್ಟಿಯಲ್ಲಿ 'ಬ್ಯಾಲಡ್' ಕಂಡರೆ ಅದು 'ಮೋನೋ ಮಾಸ್ಟರ್ಸ್' ಅಲ್ಲ.

ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಇದನ್ನೂ ಅಲ್ಲೇ ಹಾಕಿ.