ಕ್ಲೀನಾಗಿದೆ ಸಾರ್, ಪಾಸು!

ಮೊನ್ನೆ ಪೆಟ್ರೋಲ್ ಬಂಕಿನ ಪಕ್ಕದ ವ್ಯಾನಿನಲ್ಲಿ ಕಾರಿಗೆ ಎಮಿಷನ್ ಟೆಸ್ಟ್ ಮಾಡಿಸಿದೆ. ಹುಡುಗ ಸೈಲೆನ್ಸರಿಗೆ ಕೊಳವೆ ಸಿಕ್ಕಿಸಿದ, ನಂಬರ್ ಪ್ಲೇಟಿನ ಫೋಟೊ ಹೊಡೆದ, ಎರಡೇ ನಿಮಿಷಕ್ಕೆ ಚೀಟಿ ಕೈಗಿಟ್ಟ. "ಕ್ಲೀನಾಗಿದೆ ಸಾರ್!"

ನಲವತ್ತು ದಾಟಿದ ಮೇಲೆ ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಖುಷಿಯಾಯಿತು.

ಆಮೇಲೆ ತಿಳಿಯಿತು, ಆ ಯಂತ್ರ ನೋಡುವುದು ಕಾರ್ಬನ್ ಮಾನಾಕ್ಸೈಡು, ಹೈಡ್ರೋಕಾರ್ಬನ್ನು. ಭೂಮಿಯನ್ನು ಬಿಸಿ ಮಾಡುವ ಕಾರ್ಬನ್ ಡೈಆಕ್ಸೈಡ್ ಎಷ್ಟು ಬಿಟ್ಟರೂ ಪಾಸು. ಒಂದು ಲೀಟರ್ ಪೆಟ್ರೋಲ್ ಉರಿದರೆ ಅದು ಸುಮಾರು 2.3 ಕೆಜಿ ಬರುತ್ತದೆ. ಪೆಟ್ರೋಲ್ ತೂಗುವುದೇ ಮುಕ್ಕಾಲು ಕೆಜಿ! ಮಿಕ್ಕ ತೂಕ ಗಾಳಿಯ ಆಮ್ಲಜನಕದ್ದು. ಅದಕ್ಕೆ ಬಂಕಿನವರು ದುಡ್ಡು ಕೇಳುವುದಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವರು.

ಏಳು ಸೀಟಿನ ಗಾಡಿಯಲ್ಲಿ ಒಬ್ಬನೇ ಯಾಕೆ ಕೂತಿದ್ದೀರಿ ಎಂದೂ ಯಂತ್ರ ಕೇಳಲಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಏಸಿ ಹಾಕಿಕೊಂಡು ಮುಕ್ಕಾಲು ಗಂಟೆ ನಿಂತರೆ ಲೀಟರಿಗೆ ಎಷ್ಟು ಮೈಲೇಜು? ಸೊನ್ನೆ. ಚೀಟಿಯಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ. ನನ್ನ ಹಿಂದೆ ಬಿಎಂಟಿಸಿ ಬಸ್ಸು, ಅದರೊಳಗೆ ಅರವತ್ತು ಜನ. ನಾನೊಬ್ಬ ಜರುಗಲಿ ಎಂದು ಅಷ್ಟೂ ಜನ ಕಾಯುತ್ತಿದ್ದರು. ಪ್ರಜಾಪ್ರಭುತ್ವ ಅಲ್ವಾ?

ಆ ಬಸ್ಸಿಗೂ ಒಮ್ಮೆ ಒಳ್ಳೆಯ ಕಾಲ ಬಂದಿತ್ತು. 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಹೊರವರ್ತುಲ ರಸ್ತೆಯಲ್ಲಿ ಅದಕ್ಕೇ ಅಂತ ಒಂದು ಪಥ ಬಿಟ್ಟುಕೊಟ್ಟರು. ಆಮೇಲೆ ಮೆಟ್ರೊ ಕೆಲಸ ಬಂತು, ಪಥ ಹೋಯಿತು. ಮೆಟ್ರೊದಲ್ಲೇ ಹೋಗೋಣ ಅಂದರೆ, 2025ರ ಫೆಬ್ರವರಿಯಲ್ಲಿ ಅದರ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹಾರಿತು. ಹೊಗೆ ಬಿಡದೆ ಓಡಾಡುವವರ ಮೇಲೆ ಸ್ವಲ್ಪ ನಿಗಾ ಇರಬೇಕು ನೋಡಿ.

ಕಾರಿನವರು ಮಾತ್ರ ಚಿಂತೆ ಮಾಡಬೇಕಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿ.ಮೀ. ಸುರಂಗ ಕೊರೆಯುವ ಯೋಜನೆಯಿದೆ. ಅಂದಾಜು ಖರ್ಚು 17 ಸಾವಿರ ಕೋಟಿಗೂ ಜಾಸ್ತಿ. ಊರಲ್ಲಿ ನೋಂದಣಿಯಾದ ಗಾಡಿಗಳು ಒಂದು ಕೋಟಿ ದಾಟಿವೆ, ಮೇಲೆ ಜಾಗವಿಲ್ಲ. ಫ್ಲೈಓವರ್ ಕಟ್ಟಿದಾಗಲೆಲ್ಲ ಹೊಸ ಕಾರುಗಳು ಬಂದು ಅದನ್ನು ತುಂಬಿಸಿದವು. ಪಾತಾಳದ ದಾರಿ ಅವಕ್ಕೆ ಗೊತ್ತಾಗಲಿಕ್ಕಿಲ್ಲ ಎಂದು ಲೆಕ್ಕ ಹಾಕಿರಬೇಕು.

ಇದನ್ನು ಸಿಗ್ನಲ್ಲಿನಲ್ಲಿ ಕೂತೇ ಫೋನಿನಲ್ಲಿ ಕುಟ್ಟುತ್ತಿದ್ದೇನೆ. ಎಂಜಿನ್ ಆಫ್ ಮಾಡಿಲ್ಲ, ಸೆಕೆ. ಎಮಿಷನ್ ಚೀಟಿಗೆ ಒಂದು ವರ್ಷದ ವಾಯಿದೆ ಇದೆ. ಅಷ್ಟರೊಳಗೆ ಹಸಿರು ದೀಪ ಬರಬಹುದು.