ಏಡಿ ಕಂಡವಳು

ಅಕ್ಕನ ಮಗ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಶನಿವಾರ ಸಂಜೆ ಬಸ್ಸು ಹತ್ತಿ, ಕಟಪಾಡಿಯಲ್ಲಿ ಇಳಿದು, ಶಂಕರಪುರದ ಹತ್ತಿರದ ನಮ್ಮ ಮನೆಗೆ ಬರುತ್ತಾನೆ. ಅಜ್ಜಿಯ ಕೈಯ ಕೋರಿ ರೊಟ್ಟಿ ಒಂದು ಕಾರಣ, ನಮ್ಮ ದೊಡ್ಡ ಟಿವಿ ಇನ್ನೊಂದು. ಯಾವುದು ಮೊದಲನೆಯದು ಅಂತ ಅಜ್ಜಿಯ ಎದುರು ಕೇಳುವ ಹಾಗಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮ ಚಾವಡಿ ನೋಡಬೇಕು. ನೆಲದಲ್ಲಿ ಅಮ್ಮ, ಅವರ ಮುಂದೆ ಮಲ್ಲಿಗೆ ಮೊಗ್ಗಿನ ರಾಶಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಿಸಿಲು ಏರುವ ಮೊದಲು ಕಟ್ಟಿ ಮುಗಿಸಿ ಹೂ ಕೊಳ್ಳುವ ಕಟ್ಟೆಗೆ ಕೊಡಬೇಕು. ಬೆರಳು ಬಾಳೆನಾರಿನ ಮೇಲೆ, ಕಣ್ಣು ಟಿವಿಯ ಮೇಲೆ. ಹುಡುಗ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ಆಟ ಆಡುತ್ತಿರುತ್ತಾನೆ. ನಾನು ಪೇಪರು ಓದುವವನ ಹಾಗೆ ಕಾಣುತ್ತೇನೆ.

ಆಟದ ಹೆಸರು ಒಬ್ಲಿವಿಯನ್. ದಿ ಎಲ್ಡರ್ ಸ್ಕ್ರೋಲ್ಸ್ ಎಂಬ ಸರಣಿಯ ನಾಲ್ಕನೆಯದು. 2006ರಲ್ಲಿ ಬಂದದ್ದು, 2025ರಲ್ಲಿ ಸುಣ್ಣಬಣ್ಣ ಮಾಡಿ ಮತ್ತೆ ಬಿಟ್ಟಿದ್ದಾರೆ. ಚಕ್ರವರ್ತಿಯ ಕೊಲೆಯಾಗಿದೆ, ನರಕದಂಥ ಲೋಕದ ಬಾಗಿಲುಗಳು ಅಲ್ಲಲ್ಲಿ ತೆರೆದುಕೊಂಡು ಬೆಂಕಿ ಕಾರುತ್ತಿವೆ, ನಮ್ಮ ಹುಡುಗ ಹೋಗಿ ಎಲ್ಲವನ್ನೂ ಸರಿ ಮಾಡಬೇಕು. ಅಮ್ಮನಿಗೆ ಇದರಲ್ಲಿ ಏನೂ ಆಸಕ್ತಿ ಇಲ್ಲ. ಅವರ ಕಣ್ಣು ಬೀದಿಯಲ್ಲಿ ಹೋಗುವವರ ಮೇಲೆ. ಆ ಹೆಂಗಸು ಯಾರು? ಆ ಗಡ್ಡದವನಿಗೆ ಕೆಲಸ ಇಲ್ವಾ? ಇವರಿಗೆಲ್ಲ ಅಡುಗೆ ಮಾಡುವುದು ಯಾರು?

ಮೊನ್ನೆ ಒಂದು ಭಾನುವಾರ ಆಟದ ಬೀದಿಯಲ್ಲಿ ಇಬ್ಬರು ಎದುರುಬದುರಾದರು. ಒಬ್ಬಳು ಹೆಂಗಸು, ಒಬ್ಬ ಗಂಡಸು. ನಿಂತು ಮಾತಾಡಿದರು. ಹುಡುಗ ಅಜ್ಜಿಗೆ ಅರ್ಥ ಹೇಳಿದ.

"ಮೊನ್ನೆ ಒಂದು ಕೆಸರೇಡಿ ಕಂಡೆ."

"ಭಯಂಕರ ಪ್ರಾಣಿ."

"ಸರಿ, ಬರ್ತೇನೆ."

ಅಮ್ಮನ ಬೆರಳು ನಿಂತಿತು. ಹೂ ಕಟ್ಟುವಾಗ ಅವರ ಬೆರಳು ನಿಲ್ಲುವುದು ಸಣ್ಣ ಸಂಗತಿಯಲ್ಲ. ಒಲೆಯ ಮೇಲೆ ಹಾಲು ಉಕ್ಕಿದಾಗಲೂ ನಿಂತದ್ದಿಲ್ಲ.

"ಅಷ್ಟೇಯಾ? ಎಲ್ಲಿ ಕಂಡದ್ದಂತೆ?"

"ಹೇಳ್ಲಿಲ್ಲ ಅಜ್ಜಿ."

"ಹಿಡಿದಳಾ?"

"ಇಲ್ಲ."

"ಏಡಿ ಕಂಡು ಹಿಡಿಯದೆ ಬಂದವಳು ಊರಿಗೆಲ್ಲ ಯಾಕೆ ಹೇಳಿಕೊಂಡು ಬರುವುದು? ನಾಚಿಕೆ ಇಲ್ವಾ ಅವಳಿಗೆ?"

ಅಮ್ಮ ಹೇಳಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗಿದೆ.

ನಮ್ಮ ಕಡೆ ಒಬ್ಬರು ಏಡಿ ಕಂಡೆ ಅಂದರೆ ಮಾತು ಮೂರು ಸಾಲಿಗೆ ಮುಗಿಯುವುದುಂಟೇ? ಮಲ್ಪೆಯಲ್ಲಿ ಕಿಲೋಗೆ ಎಷ್ಟಾಯಿತು ಅಂತ ಶುರುವಾಗುತ್ತದೆ. ಹುಣ್ಣಿಮೆಯ ಏಡಿಯಲ್ಲಿ ಏನೂ ಇರುವುದಿಲ್ಲ ಅಂತ ಒಬ್ಬರು, ಹಾಗೆಲ್ಲ ಇಲ್ಲ ಅಂತ ಇನ್ನೊಬ್ಬರು. ಸುಕ್ಕಕ್ಕೆ ತೆಂಗಿನಕಾಯಿ ಎಷ್ಟು ಹುರಿಯಬೇಕು ಅನ್ನುವಲ್ಲಿ ಎರಡು ಮನೆತನಗಳ ಮಾನದ ಪ್ರಶ್ನೆ ಬರುತ್ತದೆ. ಅಲ್ಲಿಂದ ಯಾರದೋ ಮದುವೆ, ಯಾರದೋ ಜಾಗದ ತಕರಾರು. ಬಸ್ಸು ಬಂದರೆ ಮಾತ್ರ ನಿಲ್ಲುತ್ತದೆ. ಅದೂ ಹತ್ತಿ ಕೂತ ಮೇಲೆ ಕಿಟಕಿಯಿಂದ ಮುಂದುವರಿಯುತ್ತದೆ, ಕಂಡಕ್ಟರ್ "ರೈಟ್ ಪೋಯಿ" ಅನ್ನುವ ತನಕ.

ಅಮ್ಮನ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ಆ ಆಟ ಮಾಡಿದವರು ಸುಮ್ನೆ ಜನರನ್ನು ನಿಲ್ಲಿಸಿದವರಲ್ಲ. ಒಬ್ಬೊಬ್ಬರಿಗೂ ಒಂದು ಮನೆ, ಒಂದು ಹಾಸಿಗೆ, ಒಂದು ದಿನಚರಿ ಕೊಟ್ಟಿದ್ದಾರೆ. ರಾತ್ರಿಯಾದರೆ ಮಲಗುತ್ತಾರೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ. ಇದಕ್ಕೆ ರೇಡಿಯಂಟ್ ಎಐ ಅಂತ ಹೆಸರಿಟ್ಟು ದೊಡ್ಡ ಪ್ರಚಾರ ಮಾಡಿದ್ದರು. ಮೊದಮೊದಲು ಇವರಿಗೆ ಸ್ವಾತಂತ್ರ್ಯ ಸ್ವಲ್ಪ ಜಾಸ್ತಿಯೇ ಇತ್ತಂತೆ. ಕಾವಲುಗಾರರಿಗೆ ಹಸಿವಾಗಿ ಕಾವಲು ಬಿಟ್ಟು ಬೇಟೆಗೆ ಹೋದರು, ಇತ್ತ ಊರಿನವರು ಅಂಗಡಿ ದೋಚಿದರು ಎಂಬ ಕಥೆ ಆಟಗಾರರ ನಡುವೆ ಈಗಲೂ ಓಡಾಡುತ್ತದೆ. ಆಮೇಲೆ ಬಿಡುಗಡೆಗೆ ಮೊದಲು ಹಗ್ಗ ಬಿಗಿ ಮಾಡಿದರು. ನನಗೆ ಮಾತ್ರ ಆ ಹಸಿದ ಕಾವಲುಗಾರರೇ ಇಷ್ಟ. ಊಟದ ಹೊತ್ತಿಗೆ ಡ್ಯೂಟಿ ಬಿಟ್ಟು ಹೋದವನಿಗಿಂತ ಜೀವಂತ ಮನುಷ್ಯ ಇನ್ಯಾರು?

ದಿನಚರಿಯ ಯೋಚನೆ ಹಳೆಯದೇ. 1988ರ ಅಲ್ಟಿಮಾ 5 ಎಂಬ ಕಂಪ್ಯೂಟರ್ ಆಟದಲ್ಲೇ ಊರಿನವರು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಿ ರಾತ್ರಿ ಮಲಗುತ್ತಿದ್ದರು. ಅದೇ ಸರಣಿಯ 1992ರ ಏಳನೆಯದರಲ್ಲಿ ಬೇಕರಿಯವನ ಹಾಗೆ ನೀವೇ ಹಿಟ್ಟು ಕಲಸಿ ಒಲೆಗಿಟ್ಟು ಬ್ರೆಡ್ಡು ಸುಡಬಹುದು. ಲೋಕ ಉಳಿಸಲು ಬಂದ ವೀರರು ಗಂಟೆಗಟ್ಟಲೆ ಬ್ರೆಡ್ಡು ಸುಡುತ್ತಾ ಕೂತದ್ದೂ ಉಂಟು. ಆದರೆ ಒಬ್ಲಿವಿಯನ್ನಿಗೆ ಮೊದಲು ಅದೇ ಕಂಪನಿ 2002ರಲ್ಲಿ ಮಾಡಿದ ಮೊರೋವಿಂಡ್‌ನಲ್ಲಿ ಇದೊಂದೂ ಇರಲಿಲ್ಲ. ಅಂಗಡಿಯವನು ಹಗಲೂ ರಾತ್ರಿಯೂ ಅದೇ ಮೂಲೆಯಲ್ಲಿ ನಿಂತಿರುತ್ತಾನೆ. ಹಾಸಿಗೆ ಇದೆ, ಮಲಗುವುದಿಲ್ಲ.

ತಮಾಷೆ ಏನೆಂದರೆ, ಆ ನಿಂತವರ ಬಗ್ಗೆ ನನಗೆ ಯಾವತ್ತೂ ಅನುಮಾನ ಬಂದದ್ದಿಲ್ಲ. ದೇವಸ್ಥಾನದ ಬಾಗಿಲಲ್ಲಿ ಜಯ ವಿಜಯರು ನಿಂತಿರುತ್ತಾರೆ. ಅವರಿಗೆ ಕಾಲು ನೋಯುವುದಿಲ್ವಾ, ಊಟ ಯಾವಾಗ ಅಂತ ಯಾರಾದರೂ ಕೇಳಿದ್ದಾರೆಯೇ? ನಿಂತವರು ನಿಂತ ಹಾಗೆ ಇದ್ದರೆ ನಾವು ಕೈಮುಗಿದು ಒಳಗೆ ಹೋಗುತ್ತೇವೆ. ಅವರು ಒಮ್ಮೆ ಕೆಳಗಿಳಿದು ಬೀದಿಗೆ ಬಂದು "ಮೊನ್ನೆ ಏಡಿ ಕಂಡೆ" ಅಂದರೋ, ಮುಗಿಯಿತು. ಆಮೇಲೆ ನಮ್ಮ ಅಮ್ಮನಂಥವರು ಬಿಡುವುದಿಲ್ಲ. ಎಲ್ಲಿ, ಎಷ್ಟು ದೊಡ್ಡದು, ಹಿಡಿದೆಯಾ?

ನಮ್ಮೂರಲ್ಲಿ ಆಟ ಅಂದರೆ ಮೊದಲು ನೆನಪಾಗುವುದು ಯಕ್ಷಗಾನ. ಅಲ್ಲಿ ನೋಡಿ, ಎಷ್ಟು ಕಡಿಮೆ ಜನದಲ್ಲಿ ಎಷ್ಟು ದೊಡ್ಡ ಲೋಕ. ರಾಕ್ಷಸ ರಾಜ ಬಂದು ಅಬ್ಬರಿಸುತ್ತಾನೆ. ಸೇನೆ ಇಲ್ಲ, ಅರಮನೆ ಇಲ್ಲ, ಪ್ರಜೆಗಳು ಇಲ್ಲ. "ಹೌದು, ಹೌದು" ಅನ್ನುವ ಭಾಗವತರೇ ಸಮಸ್ತ ಪ್ರಜೆಗಳು. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಮೇಜಿನ ಆಟವೂ ಹೆಚ್ಚುಕಡಿಮೆ ಹೀಗೇ. ಒಬ್ಬ ಕಥೆ ನಡೆಸುತ್ತಾನೆ, ಕಮ್ಮಾರನೂ ಅವನೇ, ಕಳ್ಳನೂ ಅವನೇ, ಹೋಟೆಲಿನವನೂ ಅವನೇ. ಕಂಪ್ಯೂಟರ್ ಆಟಗಳೆಲ್ಲ ಆ ಒಬ್ಬನ ಮಕ್ಕಳು, ಮರಿಮಕ್ಕಳು. ಅವನಿಗೆ ಚೆಂಡೆ ಮದ್ದಳೆ ಇರಲಿಲ್ಲ ಅನ್ನುವುದೊಂದೇ ಕೊರತೆ.

ಯಕ್ಷಗಾನದಲ್ಲಿ ಹಾಸ್ಯಗಾರ ಬಂದನೆಂದರೆ ಅರ್ಧ ಊರು ಬಂದ ಹಾಗೆ. ಕಂಸನ ಬಟ್ಟೆ ಒಗೆಯುವ ಅಗಸನನ್ನೇ ತೆಗೆದುಕೊಳ್ಳಿ. ಕಥೆಗೆ ಅವನಿಂದ ಆಗಬೇಕಾದ್ದು ಸ್ವಲ್ಪವೇ. ಕೃಷ್ಣ ಬಟ್ಟೆ ಕೇಳುತ್ತಾನೆ, ಅಗಸ ಕೊಡುವುದಿಲ್ಲ, ಪೆಟ್ಟು ತಿನ್ನುತ್ತಾನೆ. ಆದರೆ ಹಾಸ್ಯಗಾರ ಅದಕ್ಕೆ ಮೊದಲು ಅರ್ಧ ಗಂಟೆ ಅಗಸನಾಗಿ ಬದುಕುತ್ತಾನೆ. ಹೆಂಡತಿಯ ಜೊತೆ ಜಗಳ, ಬಟ್ಟೆಯ ಕಲೆಯಿಂದಲೇ ಅರಮನೆಯ ಗುಟ್ಟು ಕಂಡುಹಿಡಿಯುವ ಜಂಬ, ಸೊಂಟ ನೋವು. ಕಂಸನ ಮಥುರೆ ಎಂಥದ್ದು ಅಂತ ನನಗೆ ಗೊತ್ತಾದದ್ದು ಕಂಸನಿಂದಲ್ಲ, ಆ ಸೊಂಟ ನೋವಿನಿಂದ.

ನನಗೂ ಈ ಕೆಲಸದಲ್ಲಿ ಅನುಭವ ಉಂಟು. ಎಂಟನೇ ಕ್ಲಾಸಿನಲ್ಲಿದ್ದಾಗ ಊರಿನ ಹವ್ಯಾಸಿಗಳ ಆಟದಲ್ಲಿ ದೇವೇಂದ್ರನ ಬಲದಲ್ಲಿ, ಅಂದರೆ ಅವನ ಪರಿವಾರದಲ್ಲಿ, ನಿಂತಿದ್ದೆ. ಅಗ್ನಿ, ವಾಯು, ವರುಣ ಅಂತ ಸಾಲಾಗಿ ನಿಲ್ಲುವವರಲ್ಲಿ ನಾನು ವಾಯು. ಮಾತು ಒಂದೂ ಇರಲಿಲ್ಲ. ದೇವೇಂದ್ರ ಲೋಕದ ಕಷ್ಟಸುಖ ವಿಚಾರಿಸುವಾಗ ನನ್ನ ಮನಸ್ಸೆಲ್ಲ ಚಪ್ಪರದ ಹೊರಗಿನ ಗೋಳಿಬಜೆಯ ಬಾಣಲೆಯಲ್ಲಿತ್ತು. ರಾಕ್ಷಸ ಬಂದಾಗ ಎರಡು ಸುತ್ತು ಹಾಕಿ ಸೋತು ಬಣ್ಣ ಹಚ್ಚುವ ಚೌಕಿಯ ಕಡೆಗೆ ಓಡಬೇಕು, ಅಷ್ಟೇ. ನಾನು ರಂಗಸ್ಥಳದಿಂದ ಹಾರಿ ಜನರ ಕಡೆಗೆ ಓಡಿದೆ. ಕಿರೀಟ ಕಣ್ಣಿನ ಮೇಲೆ ಇಳಿದಿತ್ತು ಅಂತ ಆಮೇಲೆ ಹೇಳಿದೆ. ಗೋಳಿಬಜೆಯ ವಾಸನೆ ಹಿಡಿದು ಓಡಿದ್ದು ಅಂತ ಊರು ಹೇಳುತ್ತದೆ. ಆ ದಿನದ ದೇವೇಂದ್ರ ಯಾರು, ಮಹಿಷಾಸುರ ಯಾರು, ಒಬ್ಬರಿಗೂ ನೆನಪಿಲ್ಲ. ಗೂಡಂಗಡಿಯ ಅಜ್ಜ ಮಾತ್ರ ಇವತ್ತಿಗೂ ನನ್ನನ್ನು ಕಂಡರೆ ಕೇಳುತ್ತಾರೆ, "ಏನು ವಾಯು, ಯಾವ ಕಡೆಗೆ?"

ಕಂಪ್ಯೂಟರ್ ಆಟ ಮಾಡುವವರು ಇಂಥ ಎಡವಟ್ಟನ್ನು ತಿದ್ದಲು ಎಷ್ಟು ಕಷ್ಟಪಡುತ್ತಾರೋ! ನಾವೋ ಅದನ್ನೇ ನೆನಪಿಟ್ಟುಕೊಳ್ಳುತ್ತೇವೆ. ಎಲ್ಡರ್ ಸ್ಕ್ರೋಲ್ಸ್ ಸರಣಿಯದೇ 2011ರ ಸ್ಕೈರಿಮ್‌ನಲ್ಲಿ ಅಂಗಡಿಯವನ ತಲೆಗೆ ಬುಟ್ಟಿ ಕವುಚಿ, ಕಣ್ಣೆದುರೇ ಅಂಗಡಿ ಖಾಲಿ ಮಾಡಬಹುದಿತ್ತು. ಬುಟ್ಟಿಯೊಳಗಿಂದ ಅವನು ಗೌರವದಿಂದಲೇ ವ್ಯಾಪಾರ ಮಾಡುತ್ತಿದ್ದ. ಅದೇ ಆಟದಲ್ಲಿ ರಿವರ್‌ವುಡ್ ಅನ್ನುವ ಹಳ್ಳಿಯ ಒಂದು ಕೋಳಿಯನ್ನು ಕೊಂದು ನೋಡಿ. ಅಷ್ಟು ಹೊತ್ತು ಸೌದೆ ಸೀಳುತ್ತಿದ್ದವರು, ಕಬ್ಬಿಣ ಬಡಿಯುತ್ತಿದ್ದವರು ಎಲ್ಲರೂ ಕೈಗೆ ಸಿಕ್ಕಿದ್ದನ್ನು ಹಿಡಿದು ನಿಮ್ಮ ಮೇಲೆ ಬರುತ್ತಾರೆ. ಡ್ರ್ಯಾಗನ್ ಕೊಲ್ಲುವ ವೀರನಿಗೆ ಒಂದು ಕೋಳಿಗಾಗಿ ಅಟ್ಟಾಡಿಸಿ ಹೊಡೆತ. ಜಗತ್ತಿನವರೆಲ್ಲ ಇದನ್ನು ಆಟದ ಹುಚ್ಚಾಟ ಅಂತ ನಕ್ಕರು. ನಮಗೆ ನಗು ಬರಲಿಲ್ಲ. ನಮ್ಮ ಒಳರಸ್ತೆಗಳಲ್ಲಿ ಕಾರಿನ ಚಕ್ರಕ್ಕೆ ಸಿಕ್ಕಿದ ಕೋಳಿ ಯಾವತ್ತೂ ಅಂಕದ, ಅಂದರೆ ಕೋಳಿ ಕಾಳಗದ, ಹುಂಜವೇ. ಬದುಕಿರುವ ತನಕ ತಿಪ್ಪೆ ಕೆದಕಿಕೊಂಡು ಇದ್ದದ್ದು, ಸತ್ತ ಮೇಲೆ ಅದು ಎಷ್ಟು ಅಂಕ ಗೆದ್ದಿತ್ತು ಅಂತ ಲೆಕ್ಕ ಬರುತ್ತದೆ. ಎರಡು ನಿಮಿಷದಲ್ಲಿ ಹತ್ತು ಜನ. ಅಷ್ಟು ಹೊತ್ತು ಆ ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ.

ಹುಡುಗ ಹೇಳುವುದು ಬೇರೆ. ಅವನ ಪ್ರಕಾರ ಜನ ಜಾಸ್ತಿ ಇದ್ದರೆ ಊರು ಊರಿನ ಹಾಗೆ ಕಾಣುತ್ತದೆ. ಹೊಸ ಆಟಗಳಲ್ಲಿ ಪೇಟೆ ಅಂದರೆ ನೂರಾರು ಜನ. ಸರಿ, ಹೌದು. ಆದರೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಆರಕ್ಕೆ ಎಷ್ಟು ಜನ ಇರುತ್ತಾರೆ, ಅದರಲ್ಲಿ ಮುಖ ನೆನಪಿರುವುದು ಎಷ್ಟು? ನನಗೆ ನೆನಪಿರುವುದು ಚಿಲ್ಲರೆ ಇಲ್ಲ ಅಂದದ್ದಕ್ಕೆ ಸಂತೆಗೆ ಸಂತೆ ಕೇಳುವ ಹಾಗೆ ಬೈದ ಒಬ್ಬ ಕಂಡಕ್ಟರ್. ಅಂಗಡಿಯವನಿಗೆ ದಿನಚರಿ ಕೊಟ್ಟದ್ದೂ ಹಾಗೆಯೇ. ಅವನು ಬಾಗಿಲು ತೆರೆದು ಕೂತಷ್ಟು ಹೊತ್ತು ನನಗೆ ಅವನ ದಿನಚರಿಯ ನೆನಪೇ ಇರುವುದಿಲ್ಲ. ಉಡುಪಿಯಲ್ಲಿ ಮಧ್ಯಾಹ್ನ ಎರಡಕ್ಕೆ ಒಂದು ಮೊಳೆ ಬೇಕಾಗಿ ಹೋದಾಗ ಶಟರ್ ಅರ್ಧ ಎಳೆದು, ಒಳಗೆ ಫ್ಯಾನಿನಡಿ ಮಲಗಿರುತ್ತಾನಲ್ಲ, ಆಗ ಅವನೊಬ್ಬ ಮನುಷ್ಯ ಅಂತ ಗೊತ್ತಾಗುತ್ತದೆ. ಮೊಳೆ ಸಿಗುವುದಿಲ್ಲ, ಅದು ಬೇರೆ ವಿಷಯ.

ಎಲ್ಲ ಆಟಗಳಲ್ಲಿ ಹಿನ್ನೆಲೆಯವರೆಂದರೆ ನನಗೆ ನೆನಪಾಗುವವನು ಒಬ್ಬ ಪೋಸ್ಟ್‌ಮ್ಯಾನ್. 2000ದಲ್ಲಿ ಬಂದ ಜೆಲ್ಡಾ ಸರಣಿಯ ಮೆಜೋರಾಸ್ ಮಾಸ್ಕ್ ಆಟದವನು. ಅಪ್ಪಟ ರೋಲ್‌ಪ್ಲೇಯಿಂಗ್, ಅಂದರೆ ಒಂದು ಪಾತ್ರವೇ ಆಗಿ ಆಡುವ ಆಟ, ಅಂತ ಪಂಡಿತರು ಅದನ್ನು ಒಪ್ಪಲಿಕ್ಕಿಲ್ಲ, ಬಿಡಿ. ಮೂರು ದಿನಗಳಲ್ಲಿ ಚಂದ್ರ ಬಿದ್ದು ಲೋಕ ಮುಗಿಯುತ್ತದೆ. ಊರಿನವರು ಒಬ್ಬೊಬ್ಬರಾಗಿ ಓಡಿಹೋಗುತ್ತಾರೆ. ಪೋಸ್ಟ್‌ಮ್ಯಾನಿಗೂ ಓಡಬೇಕು ಅಂತ ಆಸೆ. ಆದರೆ ಅವನ ವೇಳಾಪಟ್ಟಿಯಲ್ಲಿ ಓಡುವುದು ಅಂತ ಬರೆದಿಲ್ಲ. ಕೊನೆಯ ರಾತ್ರಿ ಅಂಚೆ ಕಚೇರಿಯಲ್ಲಿ ಬಿದ್ದುಕೊಂಡು ಒದ್ದಾಡುತ್ತಾನೆ. ನೀವು ಒಂದು ತುರ್ತು ಕಾಗದ ಕೊಟ್ಟು, ಅವನು ಅದನ್ನು ತನ್ನ ಮೇಲಧಿಕಾರಿಣಿಗೆ ಮುಟ್ಟಿಸಿ, ಅವಳು ಓಡು ಅಂತ ಅಪ್ಪಣೆ ಕೊಟ್ಟರೆ ಮಾತ್ರ ಓಡುತ್ತಾನೆ. ಮೂವತ್ತು ವರ್ಷ ಸರಕಾರಿ ಕೆಲಸ ಮಾಡಿದ ನನ್ನ ಮಾವನವರಿಗೆ ಈ ಕಥೆ ಹೇಳಿದೆ. ಅವರು ನಗಲಿಲ್ಲ. "ಲಿಖಿತದಲ್ಲಿ ಕೊಟ್ಟಳಾ?" ಅಂತ ಕೇಳಿದರು.

ಮತ್ತೆ ನಮ್ಮ ಚಾವಡಿಗೆ. ಕಳೆದ ಭಾನುವಾರ ಹುಡುಗ ಆಟದಲ್ಲಿ ಒಂದು ಮನೆಗೆ ರಾತ್ರಿ ಬೀಗ ಮುರಿದು ನುಗ್ಗಿದ. ಆ ಮನೆ ಏಡಿ ಕಂಡವಳದು. ಅವಳು ಮಲಗಿದ್ದಳು. ಮೇಜಿನ ಮೇಲಿದ್ದ ಬ್ರೆಡ್ಡು ಎತ್ತಿ ಚೀಲಕ್ಕೆ ಹಾಕಿಕೊಂಡ.

ಅಮ್ಮನ ಬೆರಳು ಮತ್ತೆ ನಿಂತಿತು.

"ಅದು ಯಾರದ್ದು?"

"ಅವಳದ್ದೇ ಅಜ್ಜಿ. ಏನೂ ಆಗೂದಿಲ್ಲ. ಅವಳಿಗೆ ಗೊತ್ತಾಗೂದಿಲ್ಲ."

"ನಾಳೆ ಬೆಳಿಗ್ಗೆ ಅವಳು ಎಂತ ತಿನ್ನುವುದು?"

"ಅಜ್ಜಿ, ಅದು ಕಂಪ್ಯೂಟರ್."

"ಮೊದಲು ಇಟ್ಟು ಬಾ. ಆಮೇಲೆ ನೀರುದೋಸೆ."

ಇಂಜಿನಿಯರಿಂಗ್ ಓದುವವನು ತಲೆ ತಗ್ಗಿಸಿ ಒಳಗೆ ಹೋಗಿ ಬ್ರೆಡ್ಡನ್ನು ಮೇಜಿನ ಮೇಲೆ ಹಾಕಿದ. ಅದು ಮೇಜಿನಿಂದ ಉರುಳಿ ನೆಲಕ್ಕೆ ಬಿತ್ತು. ಎತ್ತಿ ಮತ್ತೆ ಮೇಜಿನ ಮೇಲಿಟ್ಟ. ಕದ್ದ ಮಾಲನ್ನು ವಾಪಸು ಕೊಟ್ಟದ್ದಕ್ಕೆ ಆಟದಲ್ಲಿ ಒಂದು ಪುಣ್ಯವೂ ಇಲ್ಲ, ಒಂದು ಅಂಕವೂ ಇಲ್ಲ ಅಂತ ನನ್ನ ಕಡೆ ತಿರುಗಿ ಗೊಣಗಿದ. ಆಟದಲ್ಲಿ ಬೆಳಗಾಯಿತು. ಹೆಂಗಸು ಎದ್ದಳು, ಬೀದಿಗೆ ಬಂದಳು, ಇವನ ಎದುರು ನಿಂತು ಏನೋ ಹೇಳಿ ಹೋದಳು.

"ಎಂತ ಹೇಳಿದಳು?"

"ಏನಿಲ್ಲ ಅಜ್ಜಿ. ನಮಸ್ಕಾರ ಅಂದಳು."

"ನೋಡು, ಕೋಪ ಇಲ್ಲ ಅವಳಿಗೆ" ಅಂತ ಅಮ್ಮ ನಾರು ಎಳೆದು ಗಂಟು ಬಿಗಿದರು. ಮತ್ತೆ ಕಾವಲಿ ಇಡಲು ಎದ್ದರು.