ಯಾರನ್ನೂ ಕೇಳದೆ ಮಾಡುವ ಕಾರಭಾರ

ಮಗಳು ಮೊನ್ನೆ ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಬಂದು, "ಅಪ್ಪಾ, ಅರೊಗೇಟ್ ಅಂದ್ರ ಏನು?" ಅಂದಳು. "ಕಬ್ಜಾ ಮಾಡೋದು" ಅಂದುಬಿಟ್ಟೆ. ನಮ್ಮ ಕಲಬುರಗಿಯವರ ಬಾಯಿಗೆ ಮೊದಲು ಬರೋದೇ ಅದು. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದರೂ ಕಬ್ಜಾ, ಬದು ಒತ್ತಿ ಎರಡು ಸಾಲು ತೊಗರಿ ಜಾಸ್ತಿ ಬಿತ್ತಿದರೂ ಕಬ್ಜಾ.

ಆಮೇಲೆ ಯಾಕೋ ಸರಿ ಅನ್ನಿಸಲಿಲ್ಲ. ಕಬ್ಜಾ ಅರಬ್ಬಿ ಮೂಲದ ಮಾತು, ಮುಷ್ಟಿಯಲ್ಲಿ ಹಿಡಿಯೋದು ಅಂತ. 1948ರವರೆಗೂ ನಾವು ನಿಜಾಮರ ಆಳ್ವಿಕೆಯಲ್ಲಿದ್ದವರು, ಕಚೇರಿ ಕಾಗದವೆಲ್ಲ ಉರ್ದು. ಜಮೀನು ಯಾರ ಕೈಯಲ್ಲಿದೆಯೋ ಅವನು ಕಬ್ಜೇದಾರ, ಅಷ್ಟೇ. ಪಾಪ, ಆ ಮಾತಿಗೆ ಕಳ್ಳತನದ ವಾಸನೆ ಬಡಿದದ್ದು ಆಮೇಲೆ. (ಹೊಟ್ಟೆ ಕಟ್ಟಿಕೊಂಡರೆ ಕಬ್ಜ್ ಅನ್ನೋದೂ ಇದೇ ಬೇರಿನದು. ಇರಲಿ ಬಿಡಿ.)

ಅರೊಗೇಟ್‌ನ ಬೇರು ಲ್ಯಾಟಿನ್ ಭಾಷೆಯ ರೊಗಾರೆ. ಅದರ ಅರ್ಥ, ಇನ್ನೊಬ್ಬರನ್ನು ಕೇಳೋದು! ಹಳೇ ರೋಮಿನಲ್ಲಿ ಯಾರ ಅಧೀನದಲ್ಲೂ ಇಲ್ಲದ ಗಂಡಸನ್ನು ದತ್ತು ತೆಗೆದುಕೊಳ್ಳುವುದಕ್ಕೆ ಅರೊಗಾತಿಯೊ ಅನ್ನುತ್ತಿದ್ದರು. ದತ್ತು ತೆಗೆದುಕೊಳ್ಳುವವನನ್ನು ಕೇಳಬೇಕು, ದತ್ತು ಹೋಗುವವನನ್ನು ಕೇಳಬೇಕು, ಜನಸಭೆಯನ್ನೂ ಕೇಳಬೇಕು. ಇಷ್ಟೆಲ್ಲ ಕೇಳುವ ಮನೆತನದ ಮಾತು ಈಗ ಯಾರನ್ನೂ ಕೇಳದೆ "ಈ ಹಕ್ಕು ನಂದೇ" ಅನ್ನೋದಕ್ಕೆ ಬಂದು ನಿಂತಿದೆ. ಅರೊಗೆಂಟ್, ಅಂದ್ರೆ ಸೊಕ್ಕಿನವನು ಅನ್ನೋ ಮಾತು ಕೂಡ ಇದರ ಒಡಹುಟ್ಟು.

ಕಬ್ಜಾ ಮಾಡುವವನಿಗೆ ಜಾಗ ಬೇಕು. ಅರೊಗೇಟ್ ಮಾಡುವವನಿಗೆ ಜಾಸ್ತಿ ಬೇಕಾದದ್ದು ಅಧಿಕಾರ, ಮರ್ಯಾದೆ. ನಮ್ಮ ಕಡೆ ಒಂದು ಪಂಚಾಯಿತಿಗೆ ಯಾವುದೋ ಸಹಿಗೆ ಹೋಗಿದ್ದೆ. ಅಧ್ಯಕ್ಷೆ ಆರಿಸಿ ಬಂದವರು. ಕುರ್ಚಿಯಲ್ಲಿ ಮಾತ್ರ ಅವರ ಗಂಡ! "ಏನಿದ್ರೂ ನನಗ ಹೇಳ್ರಿ" ಅಂದ. ಆ ಅಕ್ಕ ಬಾಗಿಲ ಹತ್ತಿರ ಸುಮ್ನೆ ನಿಂತಿದ್ದರು. ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಅಂತ ಕಾನೂನು ಇದೆ. ಓಟು ಹಾಕಿದವರು ಯಾರೂ ಈ ಮನುಷ್ಯನನ್ನು ಕೇಳಿರಲಿಲ್ಲ. ನಾನೂ ಏನೂ ಅನ್ನಲಿಲ್ಲ, ಸಹಿ ಬೇಕಿತ್ತಲ್ಲ. ಇವತ್ತಿಗೂ ನಾಚಿಕೆ ಆಗುತ್ತದೆ.

ಇದಕ್ಕೆ ಕನ್ನಡದಲ್ಲಿ ಏನನ್ನಬೇಕು? ನಿಘಂಟಿನಲ್ಲಿ "ದರ್ಪದಿಂದ ಹಕ್ಕು ಸಾಧಿಸು" ಅಂತ ಸಿಕ್ಕಿತು. ಮಾರ್ಕ್ಸ್ ಬರುತ್ತದೆ, ಜೀವ ಇಲ್ಲ.

ಇದನ್ನೇ ಯೋಚಿಸುತ್ತ ಅಡುಗೆಮನೆಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಅವ್ವಾ, ಹಂಚು ಭಾಳ ಕಾದದ, ಉರಿ ಸಣ್ಣ ಮಾಡು" ಅಂದೆ.

"ನಿನಗ ಯಾರ್ ಕೇಳ್ಯಾರೊ? ಕಾರಭಾರ ಮಾಡ್ಲಾಕ ಬಂದಿ!"

ಮಗಳನ್ನು ಕೂಗಿ, ಕಬ್ಜಾ ಹೊಡೆದುಹಾಕಿ ಇದನ್ನು ಬರೆದುಕೋ ಅಂದೆ.